ರ‍್ಯಾಂಡಮ್ಮೋ, ರಿಪೀಟೆಡ್ಡೋ?

ಪ್ರಶ್ನೆ: ಎರಡು ಔಷಧಿಗಳನ್ನೂ ಪ್ರತಿ ರೋಗಿಗೆ ಒಂದಾದ ಮೇಲೊಂದು ಕೊಡುವ, ಎರಡು ಅವಧಿಯ ಕ್ರಾಸ್‌ಓವರ್ ಪ್ರಯೋಗ ನಮ್ಮದು. ಒಬ್ಬರ ಅಳತೆಗಳ ನಡುವಿನ ಸಂಬಂಧವನ್ನೂ ಲೆಕ್ಕಕ್ಕೆ ಹಿಡಿಯುವ ಮಿಕ್ಸೆಡ್ ಮಾಡೆಲ್‌ನಲ್ಲಿ ರೋಗಿಯನ್ನು ರ‍್ಯಾಂಡಮ್ ಎಂದು (ರೋಗಿಯಿಂದ ರೋಗಿಗೆ ಬದಲಾಗುವ ಮಟ್ಟವಾಗಿ) ಬರೆಯಲೋ, ರಿಪೀಟೆಡ್ ಎಂದೋ (ಒಬ್ಬರದೇ ಮತ್ತೆ ಮತ್ತೆ ಬಂದ ಅಳತೆಗಳಾಗಿ)? ಸಹೋದ್ಯೋಗಿಯೊಬ್ಬರು ಎರಡನ್ನೂ ಹಾಕಿ ಎನ್ನುತ್ತಾರೆ.

ಉತ್ತರ: ನೀವು ಅವಧಿಗೆ ಎಷ್ಟು ಸಲ ಅಳೆದಿರಿ? ಅದನ್ನೇ ಬರೆದಿಲ್ಲ ನೋಡಿ!

ಒಂದೇ ಸಲವಾದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ರ‍್ಯಾಂಡಮ್ ಇಂಟರ್‌ಸೆಪ್ಟ್ (ಪ್ರತಿ ರೋಗಿಗೂ ತನ್ನದೇ ಮೂಲ ಮಟ್ಟ) ಹಾಕಿದರೂ ಕಾಂಪೌಂಡ್ ಸಿಮೆಟ್ರಿಯ (ಒಬ್ಬರ ಯಾವ ಎರಡು ಅಳತೆಗೂ ಒಂದೇ ಸಂಬಂಧ) ರಿಪೀಟೆಡ್ ಹಾಕಿದರೂ ಸಾಮಾನ್ಯವಾಗಿ ಉತ್ತರ ಒಂದೇ. ಎರಡನ್ನೂ ಹಾಕಿದರೆ ಒಂದೇ ಸಂಬಂಧವನ್ನು ಎರಡು ಕಡೆ ಬರೆದಂತೆ. ಯಾವುದರ ಪಾಲು ಎಷ್ಟು ಅಂತ ಮಾಡೆಲ್‌ಗೆ ಹೇಗೆ ಗೊತ್ತಾಗಬೇಕು? ಒಂದು ವ್ಯತ್ಯಾಸ ಮಾತ್ರ ಇದೆ. ರ‍್ಯಾಂಡಮ್ ವೇರಿಯನ್ಸ್ (ರೋಗಿಗಳ ನಡುವಿನ ಏರುಪೇರು) ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ರಿಪೀಟೆಡ್‌ನ ಕೋವೇರಿಯನ್ಸ್ (ಎರಡು ಅಳತೆ ಒಟ್ಟಿಗೆ ಏರಿಳಿಯುವ ಪ್ರಮಾಣ) ಇಳಿಯಬಹುದು. ಹಾಗೆ ಇಳಿದರೆ ನಾನಂತೂ ಮೊದಲು ಡೇಟಾ ತೆರೆದು ನೋಡುತ್ತೇನೆ.

ಪ್ರತಿ ಅವಧಿಯಲ್ಲೂ 1, 2, 4, 8ನೇ ಗಂಟೆಗೆ ರಕ್ತದೊತ್ತಡ ಅಳೆದಿದ್ದರೆ ಕಥೆಯೇ ಬೇರೆ. ಆಗ ಸಹೋದ್ಯೋಗಿ ಹೇಳಿದ್ದು ಸರಿ. ರೋಗಿ ರ‍್ಯಾಂಡಮ್, ಒಂದೇ ಅವಧಿಯೊಳಗಿನ ಗಂಟೆಗಳು ರಿಪೀಟೆಡ್. ಅಲ್ಲಿ ಸಬ್ಜೆಕ್ಟ್ (ಸಂಬಂಧವುಳ್ಳ ಅಳತೆಗಳ ಗುಂಪು) ಅಂದರೆ ರೋಗಿ ಮತ್ತು ಅವಧಿಯ ಜೋಡಿ, ಬರೀ ರೋಗಿಯಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಗಂಟೆಗಳ ಅಂತರ ಸಮ ಇಲ್ಲ, ಅಲ್ವಾ? ಹಾಗಾಗಿ ಅಂತರ ಸಮ ಎಂದುಕೊಳ್ಳುವ ಮಾಮೂಲಿ ಎಆರ್(1) ಬೇಡ, ನಿಜವಾದ ಅಂತರಕ್ಕೆ ತಕ್ಕಂತೆ ಸಂಬಂಧ ಇಳಿಸುವ ಸ್ಪೇಷಿಯಲ್ ಪವರ್ ಹಾಕಿ.

ಔಷಧಿ, ಅವಧಿ, ಸೀಕ್ವೆನ್ಸ್ (ಔಷಧಿ ಕೊಟ್ಟ ಕ್ರಮ) ಫಿಕ್ಸೆಡ್ ಆಗಿಯೇ (ಎಲ್ಲ ರೋಗಿಗಳಿಗೂ ಒಂದೇ ಪರಿಣಾಮವೆಂದು) ಇರಲಿ.