ಕೊಲೆ ತಪ್ಪೆಂದು ತಿಳಿದಿದ್ದರೂ ಗಲ್ಲು ಏಕೆ ಬೇಡ?

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. ಬುದ್ಧಿಮಾಂದ್ಯರಿಗೆ ಮರಣದಂಡನೆ ವಿಧಿಸಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ ಎಂದು ಓದಿದೆ. ಕೊಲೆ ಮಾಡುವುದು ತಪ್ಪೆಂದು ಅಂಥವರಿಗೂ ಗೊತ್ತಿರುತ್ತದಲ್ಲವೇ? ಗಲ್ಲಿನಿಂದ ಪಾರಾಗಲು ಯಾರು ಬೇಕಾದರೂ ಹಾಗೆ ನಟಿಸಬಹುದಲ್ಲ? ನಮ್ಮ ದೇಶದ ಕಾನೂನು ಏನು ಹೇಳುತ್ತದೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೌದು ಮೇಷ್ಟ್ರೇ, ಅವರಲ್ಲಿ ಎಷ್ಟೋ ಜನರಿಗೆ ಅದು ಗೊತ್ತಿರುತ್ತದೆ. ಆದ್ದರಿಂದಲೇ ಅವರನ್ನು ಸುಮ್ಮನೆ ಬಿಟ್ಟುಬಿಡಿ ಎಂದು ಯಾರೂ ಕೇಳುತ್ತಿಲ್ಲ. ಜೈಲು ಶಿಕ್ಷೆಯಾಗಲಿ, ಜೀವಾವಧಿಯೇ ಆಗಲಿ, ನೇಣಿಗೆ ಮಾತ್ರ ಹಾಕಬೇಡಿ ಎನ್ನುವುದಷ್ಟೇ ವಾದ.

ನಿಮ್ಮ ತರಗತಿಯಲ್ಲಿ ಪಾಠ ಒಂದಿಷ್ಟೂ ತಲೆಗೆ ಹತ್ತದಿದ್ದರೂ ‘ಅರ್ಥವಾಯಿತಾ?’ ಎಂದು ಕೇಳಿದಾಗಲೆಲ್ಲ ‘ಆಯಿತು ಸಾರ್’ ಎನ್ನುವ ಮಗುವೊಂದು ಇದ್ದೇ ಇರುತ್ತಿತ್ತು. ಎದುರಿನವರ ಮುಖ ನೋಡಿ ಅವರಿಗೆ ಬೇಕಾದ ಉತ್ತರ ಕೊಡುವುದನ್ನು ಆ ಮಗು ಕಲಿತಿರುತ್ತದೆ. ಅದೇ ಮಗು ಬೆಳೆದು ಪೊಲೀಸರ ಎದುರು ಕುಳಿತಾಗ ಏನಾಗಬಹುದು ಎನ್ನುವುದಕ್ಕೆ ಅಮೆರಿಕದ ವರ್ಜೀನಿಯಾದ ಅರ್ಲ್ ವಾಷಿಂಗ್ಟನ್ ಪ್ರಕರಣ ನೋಡಿ.

ಆತ ಹೊಲಗದ್ದೆಗಳಲ್ಲಿ ಕೂಲಿ ಮಾಡಿಕೊಂಡಿದ್ದವನು. ಬುದ್ಧಿಶಕ್ತಿಯ ಅಳತೆಯಾದ ಐಕ್ಯೂ 69ರ ಆಸುಪಾಸು. 1983ರಲ್ಲಿ ಬೇರೊಂದು ಪ್ರಕರಣದಲ್ಲಿ ಬಂಧಿತನಾದಾಗ, ಪೊಲೀಸರು ಕೇಳುತ್ತ ಹೋದ ಒಂದೊಂದು ಅಪರಾಧವನ್ನೂ ಒಪ್ಪಿಕೊಳ್ಳುತ್ತ ಹೋದ. ಹಿಂದಿನ ವರ್ಷ ಕಲ್ಪೆಪರ್ ಎಂಬ ಊರಿನಲ್ಲಿ ನಡೆದಿದ್ದ ಅತ್ಯಾಚಾರ ಮತ್ತು ಕೊಲೆಯೂ ಅವುಗಳಲ್ಲಿ ಒಂದು. ಕೊಲೆಯಾದ ಯುವತಿ ಬಿಳಿಯಳು. ಈತ ಮೊದಲು ಹೇಳಿದ್ದು ಕಪ್ಪು ಹೆಂಗಸು ಎಂದು. ಮೈಮೇಲೆ 38 ಇರಿತದ ಗಾಯಗಳಿದ್ದವು. ಈತ ಹೇಳಿದ್ದು ಒಂದೆರಡು ಬಾರಿ ಇರಿದೆ ಎಂದು. ಆದರೂ ಪೊಲೀಸರು ಸಿದ್ಧಪಡಿಸಿದ ಹೇಳಿಕೆಗೆ ಸಹಿ ಬಿತ್ತು, ಮರಣದಂಡನೆಯೂ ಆಯಿತು. 1985ರಲ್ಲಿ, ದಿನ ನಿಗದಿಯಾಗಿ ಒಂಬತ್ತೇ ದಿನ ಉಳಿದಿದ್ದಾಗ ಅದಕ್ಕೆ ತಡೆ ಸಿಕ್ಕಿತು. ಡಿಎನ್‌ಎ ಪರೀಕ್ಷೆಯ ಬಲದಿಂದ ರಾಜ್ಯಪಾಲರು ಆತನಿಗೆ ಪೂರ್ಣ ಕ್ಷಮಾದಾನ ನೀಡಿದ್ದು 2000ದಲ್ಲಿ. ಆ ಕೊಲೆಯನ್ನು ಮಾಡಿದ್ದು ತಾನೆಂದು ಬೇರೊಬ್ಬ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದ್ದು 2007ರಲ್ಲಿ. ನಡುವೆ ಆ ಒಂಬತ್ತು ದಿನ ಕಳೆದುಹೋಗಿದ್ದರೆ?

ನೀವು ಓದಿರುವ ತೀರ್ಪು 2002ರ ಅಟ್ಕಿನ್ಸ್ ಪ್ರಕರಣದ್ದು. ಅದೂ ವರ್ಜೀನಿಯಾದ್ದೇ, 6–3ರ ಬಹುಮತ. ಮುಂದಾಲೋಚನೆ, ಆವೇಶದ ಮೇಲಿನ ಹಿಡಿತ, ಅನುಭವದಿಂದ ಕಲಿಯುವ ಶಕ್ತಿ ಇವೆಲ್ಲ ಕಡಿಮೆ ಇರುವವರ ಹೊಣೆಯೂ ಅಷ್ಟರ ಮಟ್ಟಿಗೆ ಕಡಿಮೆ ಎಂದು ನ್ಯಾಯಾಲಯ ಹೇಳಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದು ಕೊಟ್ಟ ಇನ್ನೊಂದು ಕಾರಣ. ಇಂಥವರು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ, ತಮ್ಮ ವಕೀಲರಿಗೆ ವಿಷಯ ಬಿಡಿಸಿ ಹೇಳಲಾರರು, ಕಟಕಟೆಯಲ್ಲಿ ಇವರ ಮುಖಭಾವ ಪಶ್ಚಾತ್ತಾಪವೇ ಇಲ್ಲದವರಂತೆ ಕಾಣುತ್ತದೆ. ಅಂದರೆ ಗಲ್ಲಿಗೆ ಅರ್ಹನೋ ಅಲ್ಲವೋ ಎಂದು ಅಳೆಯಲು ಕೋರ್ಟು ಬಳಸುವ ಸಾಧನಗಳೇ ಇವರ ವಿಷಯದಲ್ಲಿ ಕೈಕೊಡುತ್ತವೆ.

ನಟನೆಯ ಭಯ ಹಲವರಿಗಿದೆ. ಆದರೆ ಬೌದ್ಧಿಕ ಅಂಗವೈಕಲ್ಯವನ್ನು, ಅಂದರೆ ನೀವು ಹೇಳಿದ ಬುದ್ಧಿಮಾಂದ್ಯತೆಯನ್ನು, ಗುರುತಿಸಲು ಒಂದು ಐಕ್ಯೂ ಪರೀಕ್ಷೆ ಸಾಲದು. ದುಡ್ಡಿನ ಲೆಕ್ಕ, ಒಬ್ಬನೇ ಬಸ್ ಹತ್ತಿ ಹೋಗಿಬರುವುದು ಮುಂತಾದ ದಿನನಿತ್ಯದ ಕೆಲಸಗಳಲ್ಲಿಯೂ ಕೊರತೆ ಕಾಣಬೇಕು, ಎಲ್ಲವೂ ಬಾಲ್ಯದಿಂದಲೇ ಇದ್ದಿರಬೇಕು. ಬಂಧನವಾದ ಮೇಲೆ ನಟಿಸಬಹುದು. ಇಪ್ಪತ್ತು ವರ್ಷ ಹಿಂದಿನ ಶಾಲಾ ದಾಖಲೆಯಲ್ಲಿ ಹೋಗಿ ನಟಿಸಿಬರಲು ಸಾಧ್ಯವಿಲ್ಲ. ಐಕ್ಯೂ 70ಕ್ಕಿಂತ ಒಂದು ಅಂಕ ಹೆಚ್ಚಿದ್ದರೂ ವಿನಾಯಿತಿ ಇಲ್ಲ ಎಂಬ ಫ್ಲೋರಿಡಾದ ಗಡುಸು ನಿಯಮವನ್ನು ಅದೇ ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿತು. ಅಳತೆಯಲ್ಲೇ ಕೆಲವು ಅಂಕಗಳ ಏರುಪೇರು ಇರುವಾಗ ಒಂದು ಅಂಕದ ಮೇಲೆ ಪ್ರಾಣ ನಿಲ್ಲುವುದು ಅನ್ಯಾಯವೇ ಸರಿ.

ಇನ್ನು ನಮ್ಮ ದೇಶ. ಇಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಗಲ್ಲು ಕೂಡದೆಂಬ ಸ್ಪಷ್ಟ ನಿಷೇಧ ಕಾನೂನಿನಲ್ಲಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನ ರಕ್ಷಣೆ, ಮಾಡುತ್ತಿರುವುದು ಏನೆಂದಾಗಲಿ, ಅದು ತಪ್ಪೆಂದಾಗಲಿ ತಿಳಿಯದವರಿಗೆ ಮಾತ್ರ. ಅಲ್ಪ ಪ್ರಮಾಣದ ವೈಕಲ್ಯ ಇರುವವರು ಸಾಮಾನ್ಯವಾಗಿ ಅದರಿಂದ ಹೊರಗೇ ಉಳಿಯುತ್ತಾರೆ. ನಮ್ಮ ಸುಪ್ರೀಂ ಕೋರ್ಟಿನ 2014ರ ಶತ್ರುಘ್ನ ಚೌಹಾಣ್ ತೀರ್ಪು ಮಾನಸಿಕ ಅಸ್ವಸ್ಥತೆಯನ್ನು ಗಲ್ಲು ಶಿಕ್ಷೆಯ ಕಡಿತಕ್ಕೆ ಕಾರಣವೆಂದು ಒಪ್ಪಿತು. ಆದರೆ ಮಾನಸಿಕ ಕಾಯಿಲೆ ಬೇರೆ, ಬುದ್ಧಿಮಾಂದ್ಯತೆ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆಯ ವ್ಯಾಖ್ಯೆಯಿಂದಲೇ ಬುದ್ಧಿಮಾಂದ್ಯತೆಯನ್ನು ಹೊರಗಿಟ್ಟಿದೆ. ಉಳಿಯುವುದು ಶಿಕ್ಷೆಯ ಪ್ರಮಾಣ ನಿರ್ಧರಿಸುವ ಹಂತದಲ್ಲಿ ನ್ಯಾಯಾಧೀಶರ ವಿವೇಚನೆ. 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮರಣದಂಡನೆಯ ಸಾಧ್ಯತೆ ಇರುವ ಪ್ರಕರಣಗಳಲ್ಲಿ ಆರೋಪಿಯ ಮನೋವೈಜ್ಞಾನಿಕ ಮೌಲ್ಯಮಾಪನದ ವರದಿಯನ್ನು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ತರಿಸಿಕೊಳ್ಳಬೇಕೆಂದು ಹೇಳಿರುವುದು ದೊಡ್ಡ ಆಸರೆ. ಸಂಸತ್ತು ಇಷ್ಟಕ್ಕೆ ಬಿಡದೆ ನಿಷೇಧವನ್ನೇ ಕಾಯ್ದೆಯಲ್ಲಿ ಬರೆಯಬೇಕು.

ಅಲ್ಲಿಯವರೆಗೆ ಒಂದು ಮಾತು. ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಪ್ರಕರಣದಲ್ಲಿ ಸಿಕ್ಕಿಕೊಂಡದ್ದು ತಿಳಿದರೆ ಆತನ ಕುಟುಂಬದವರನ್ನು ತಡಮಾಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಿ. ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ದಾಖಲಾತಿ ಪುಸ್ತಕ, ಅಂಕಪಟ್ಟಿ, ಅಂಗವಿಕಲರ ಗುರುತಿನ ಚೀಟಿ ಇದ್ದರೆ ಅದನ್ನೂ ವಕೀಲರ ಕೈಗೆ ಕೊಡಿಸಿ. ಆತ ತರಗತಿಯಲ್ಲಿ ಹೇಗಿದ್ದ ಎಂದು ಹೇಳಬಲ್ಲ ಸಾಕ್ಷಿ ನೀವೇ ಆಗಿರಬಹುದು.