ಪ್ರತಿ ಮಗುವಿಗೂ ತಕ್ಕಂತೆ ಬದಲಾಗುವ ಆನ್‌ಲೈನ್ ಗಣಿತ ಕೋರ್ಸ್ ಮಾಡಲು ಯಾವ ಟೂಲ್ ಒಳ್ಳೆಯದು?

ಮೊದಲು ಒಂದು ಪರೀಕ್ಷೆ ಇಟ್ಟು, ಅಂಕ ನೋಡಿ ಮಕ್ಕಳನ್ನು ಸುಲಭ, ಮಧ್ಯಮ, ಕಠಿಣ ಎಂಬ ಮೂರು ದಾರಿಗೆ ಹಂಚುತ್ತೇನೆ ಎಂದು ಬರೆದಿದ್ದೀರಿ. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಇದೇ ಮೂರು ದಾರಿಯ ಕೋರ್ಸ್ ನಾನೂ ಮಾಡಿದ್ದೆ. ಗಣಿತಕ್ಕಲ್ಲ, ಅಡಿಕೆಗೆ.

ನಾನಿರುವುದು ತೀರ್ಥಹಳ್ಳಿ ಹತ್ತಿರ. ಪೇಟೆ ಕೆಲಸ ಬಿಟ್ಟು ಬಂದು ತೋಟ ನೋಡಿಕೊಳ್ಳುವ ಹುಡುಗ ಹುಡುಗಿಯರಿಗೆ ಅಡಿಕೆಯ ರೋಗಗಳ ಬಗ್ಗೆ ಮೊಬೈಲಿನಲ್ಲೇ ಕಲಿಯುವ ಕೋರ್ಸ್ ಬೇಕು ಎಂದು ಒಂದು ಸಂಸ್ಥೆ ಕೇಳಿತ್ತು. ಒಬ್ಬೊಬ್ಬರಿಗೂ ಅವರವರಿಗೆ ಬೇಕಾದ ಪಾಠವೇ ಬರಬೇಕು ಅನ್ನುವುದು ಅವರ ಷರತ್ತು. ವಿಷಯ ನನಗೆ ಗೊತ್ತಿತ್ತು. ಟೂಲ್ ಗೊತ್ತಿತ್ತು. ವಿಡಿಯೋಗಳೂ ಚೆನ್ನಾಗಿ ಬಂದವು. ಶುರುವಿನಲ್ಲಿ ಹತ್ತು ಪ್ರಶ್ನೆ ಇಟ್ಟೆ. 4 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸುಲಭದ ದಾರಿ, 5ರಿಂದ 7 ಬಂದರೆ ಮಧ್ಯಮ, ಮೇಲಿನದ್ದೆಲ್ಲ ಕಠಿಣ.

ಮಳೆಗಾಲದಲ್ಲಿ ಪಕ್ಕದ ತೋಟದ ಹಿರಿಯರು ತಡೆದು ನಿಲ್ಲಿಸಿ ಕೇಳಿದರು: “ಅಲ್ಲ ಮಾರಾಯ್ರೇ, ನಿಮ್ಮ ಕೋರ್ಸ್ ಮುಗಿಸಿದ ನಮ್ಮ ತಮ್ಮನ ಮಗ ಹಳದಿ ಎಲೆ ರೋಗಕ್ಕೂ ಬೋರ್ಡೋ ಹೊಡೆಸ್ತೀನಿ ಅಂತಾನೆ. ಇದನ್ನೇ ಕಲಿಸಿದ್ದಾ?”

ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ (ತಾಮ್ರದ ಲವಣ) ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿದ್ದು. ಅದು ಕೊಳೆ ರೋಗ ಬರದಂತೆ ಮಳೆ ಹಿಡಿಯುವ ಮೊದಲೇ ಗೊನೆಗೆ ಹೊಡೆಯುವ ಔಷಧಿ. ಹಳದಿ ಎಲೆ ರೋಗ ಬರುವುದು ಮರದ ಒಳಗೇ ಸೇರಿಕೊಳ್ಳುವ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ. ಗೊನೆಗೆ ಹೊಡೆದದ್ದು ಅದನ್ನು ಮುಟ್ಟುವುದೂ ಇಲ್ಲ. ಆ ಹುಡುಗ ಮಧ್ಯಮ ದಾರಿಯಲ್ಲಿ ಹೋಗಿ ಒಳ್ಳೆಯ ಅಂಕ ತೆಗೆದೇ ಕೋರ್ಸ್ ಮುಗಿಸಿದ್ದ.

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ಕೋರ್ಸ್ ಎಡವುವುದೂ ಇಲ್ಲೇ. ನನ್ನ ಹತ್ತು ಪ್ರಶ್ನೆಗಳಲ್ಲಿ ಆರಕ್ಕೆ ಸರಿ ಉತ್ತರ ಬೋರ್ಡೋ. ಯಾವ ರೋಗ ಬಂದರೂ ಬೋರ್ಡೋ ಹೊಡೆದರಾಯಿತು ಎಂದು ನಂಬಿದವನು ಎಲ್ಲದಕ್ಕೂ ಅದನ್ನೇ ಒತ್ತುತ್ತಾನೆ, ಆರು ಅಂಕ ತೆಗೆಯುತ್ತಾನೆ. ಇನ್ನೊಬ್ಬಳಿಗೆ ಕೊಳೆ, ಹಳದಿ ಎಲೆ, ಬುಡಕ್ಕೆ ಬರುವ ಅಣಬೆ ರೋಗ ಎಲ್ಲ ಬೇರೆ ಬೇರೆ ಎಂದು ಚೆನ್ನಾಗಿ ಗೊತ್ತು. ಆದರೆ ದ್ರಾವಣದ ಅಳತೆ ಗೊತ್ತಿಲ್ಲ. ಅವಳಿಗೂ ಆರು ಅಂಕ. ಇಬ್ಬರನ್ನೂ ಒಂದೇ ದಾರಿಗೆ ಕಳಿಸಿದೆ. ಅವನಿಗೆ ಬೇಕಾದ ಪಾಠ ಅವನಿಗೆ ಸಿಗಲಿಲ್ಲ, ಅವಳಿಗೆ ಬೇಕಾದದ್ದು ಅವಳಿಗೂ ಸಿಗಲಿಲ್ಲ. ಮಧ್ಯಮ ಎನ್ನುವ ಹಂತದ ಕಲಿಯುವವರು ಇರಲೇ ಇಲ್ಲ. ಆರು ಎಂಬ ಅಂಕಿ ಇತ್ತು, ಅಷ್ಟೆ. ಕೊನೆಯ ಪರೀಕ್ಷೆಯ ಪ್ರಶ್ನೆಗಳೂ ಅದೇ ರೀತಿಯವು. ಹಾಗಾಗಿ ತಪ್ಪು ನಂಬಿಕೆ ಹಾಗೇ ಉಳಿದುಕೊಂಡು ಪಾಸ್ ಆಯಿತು.

ಸರಿಪಡಿಸೋಣ ಎಂದು ಕೂತರೆ ಇನ್ನೊಂದು ತೊಂದರೆ. ಕೋರ್ಸನ್ನು ಸ್ಕಾರ್ಮ್ 1.2 (ಆನ್‌ಲೈನ್ ಪಾಠವನ್ನು ಯಾವ ಸರ್ವರ್‌ನಲ್ಲಾದರೂ ಓಡುವಂತೆ ಕಟ್ಟಿಕೊಡುವ ಒಂದು ನಮೂನೆ) ಪ್ಯಾಕೇಜ್ ಮಾಡಿ ಕೊಟ್ಟಿದ್ದೆ. ಅದರಲ್ಲಿ ಅಂಕ ಮತ್ತು ‘ಮುಗಿದಿದೆ’ ಎನ್ನುವುದು ದಾಖಲಾಗುತ್ತದೆ. ಒಂದೊಂದು ಪ್ರಶ್ನೆಗೆ ಯಾವ ಆಯ್ಕೆ ಒತ್ತಿದರು ಎನ್ನುವುದನ್ನು ದಾಖಲಿಸುವುದು ಕಡ್ಡಾಯ ಅಲ್ಲ. ಅವರ ಸರ್ವರ್ ಅದನ್ನು ಇಟ್ಟುಕೊಂಡಿರಲಿಲ್ಲ. ನಾನೂ ಮೊದಲೇ ಕೇಳಿರಲಿಲ್ಲ. ಯಾರು ಏಕೆ ತಪ್ಪಿದರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಕೋರ್ಸ್ ವಾಪಸ್ ತೆಗೆದರು, ಉಳಿದ ಹಣ ಬರಲಿಲ್ಲ. ಹಣಕ್ಕಿಂತ, ಸರಿ ಕಲಿತಿದ್ದೇವೆ ಎಂದು ನಂಬಿ ತೋಟಕ್ಕೆ ಇಳಿದವರ ಯೋಚನೆ ಇವತ್ತಿಗೂ ಕಾಡುತ್ತದೆ.

ನಿಮ್ಮ ಗಣಿತಕ್ಕೆ ಬರುತ್ತೇನೆ. ದಶಮಾಂಶವನ್ನೇ ತೆಗೆದುಕೊಳ್ಳಿ. 0.45, 0.6 ಇವೆರಡರಲ್ಲಿ ಯಾವುದು ದೊಡ್ಡದು? 0.75, 0.5 ಇವೆರಡರಲ್ಲಿ ಯಾವುದು ದೊಡ್ಡದು? ಬಿಂದುವಿನ ನಂತರದ್ದನ್ನು ಪೂರ್ಣ ಸಂಖ್ಯೆಯಂತೆ ಓದುವ ಮಗು 45 ದೊಡ್ಡದು, 75 ದೊಡ್ಡದು ಎನ್ನುತ್ತದೆ. ಒಂದು ಸರಿ, ಒಂದು ತಪ್ಪು. ಇನ್ನೊಂದು ಮಗುವಿಗೆ ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು ಎಂದು ಗೊತ್ತು. ಅದನ್ನೇ ಹಿಡಿದು, ಬಿಂದುವಿನ ನಂತರ ಅಂಕಿ ಜಾಸ್ತಿ ಇದ್ದರೆ ಸಂಖ್ಯೆಯೇ ಚಿಕ್ಕದು ಎಂದುಕೊಂಡಿದೆ. ಅದು 0.6 ದೊಡ್ಡದು, 0.5 ದೊಡ್ಡದು ಎನ್ನುತ್ತದೆ. ಅದಕ್ಕೂ ಒಂದು ಸರಿ, ಒಂದು ತಪ್ಪು. ಇಬ್ಬರಿಗೂ ಒಂದೇ ಅಂಕ, ತಲೆಯಲ್ಲಿರುವುದು ಪೂರ್ತಿ ಉಲ್ಟಾ. ಇವರಿಬ್ಬರಿಗೂ ನಿಮ್ಮ ‘ಮಧ್ಯಮ’ ಪಾಠ ಏನು ಹೇಳಿಕೊಡುತ್ತದೆ, ಹೇಳಿ?

ಹಾಗಾಗಿ ಟೂಲ್ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಮೊದಲು ಕಾಗದದಲ್ಲಿ, ಆಯ್ಕೆಗಳಿಲ್ಲದ ಪ್ರಶ್ನೆ ಕೊಟ್ಟು ಮಕ್ಕಳಿಂದ ಉತ್ತರ ಬರೆಸಿ. ಏಕೆ ಹಾಗೆ ಎಂದೂ ಒಂದು ಸಾಲು ಬರೆಸಿ. ಅಲ್ಲಿ ಸಿಗುವ ತಪ್ಪುಗಳೇ ನಿಮ್ಮ ಪ್ರಶ್ನೆಯ ಆಯ್ಕೆಗಳಾಗಬೇಕು. ಈಗ ನಾನು ಮಾಡುವುದು ಹೀಗೆ: “ಬೋರ್ಡೋ ದ್ರಾವಣದಲ್ಲಿ ಕತ್ತಿಯ ಅಲಗು ಅದ್ದಿ ತೆಗೆದರೆ ಕೆಂಪಗೆ ತಾಮ್ರ ಕೂತಿದೆ. ಏನು ಸೇರಿಸುತ್ತೀರಿ?” ಸುಣ್ಣ ಸಾಲದಿದ್ದಾಗ ಹಾಗೆ ತಾಮ್ರ ಕೂರುತ್ತದೆ, ಹಾಗಾಗಿ ಸುಣ್ಣ ಎನ್ನುವುದು ಸರಿ ಉತ್ತರ. ನೀರು ಎಂದವನು ದ್ರಾವಣ ಗಟ್ಟಿಯಾಯಿತು ಎಂದುಕೊಂಡಿದ್ದಾನೆ. ಮೈಲುತುತ್ತ ಎಂದವನಿಗೆ ಸುಣ್ಣ ಏಕೆ ಹಾಕುತ್ತಾರೆ ಎನ್ನುವುದೇ ಗೊತ್ತಿಲ್ಲ. ಇಬ್ಬರಿಗೂ ಬೇರೆ ಬೇರೆ ಪುಟ, ಎರಡು ನಿಮಿಷದ್ದು. ಅದನ್ನು ನೋಡಿ ಮತ್ತೆ ಅದೇ ಮುಖ್ಯ ದಾರಿಗೆ ಬರುತ್ತಾರೆ.

ಇದು ಹೊಸ ಉಪಾಯ ಏನಲ್ಲ. ಕಂಪ್ಯೂಟರ್ ಇಲ್ಲದೆಯೇ ಅಮೆರಿಕದ ನಾರ್ಮನ್ ಕ್ರೌಡರ್ 1950ರ ದಶಕದಲ್ಲಿ ಇಂಥ ಪಾಠಗಳನ್ನು ಮಾಡಿದ್ದರು. ಯಾವ ಉತ್ತರ ಆರಿಸಿದಿರೋ ಆ ಉತ್ತರಕ್ಕೆಂದೇ ಇರುವ ಪುಟಕ್ಕೆ ಹೋಗಬೇಕು. ತಪ್ಪಾಗಿದ್ದರೆ ಆ ತಪ್ಪನ್ನೇ ಅಲ್ಲಿ ವಿವರಿಸಿರುತ್ತಾರೆ, ನಂತರ ಹಿಂದಕ್ಕೆ ಕಳಿಸುತ್ತಾರೆ. ಹಿಂದಕ್ಕೆ ಕಳಿಸುವುದು ಬಹಳ ಮುಖ್ಯ. ಎಂಟು ಕಡೆ ಮೂರು ಮೂರು ಕವಲು ಇಟ್ಟು, ಅವು ಮತ್ತೆ ಸೇರದಂತೆ ಬಿಟ್ಟರೆ 6561 ದಾರಿ ಆಗುತ್ತದೆ. ಅಷ್ಟಕ್ಕೂ ಪಾಠ ಬರೆಯುವವರು ಯಾರು?

ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದೂ ವಿಂಗಡಿಸುತ್ತೇನೆ ಎಂದಿದ್ದೀರಲ್ಲ, ದಯವಿಟ್ಟು ಬೇಡ. 2008ರಲ್ಲಿ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು ಈ ಬಗೆಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಹಾಗೆ ವಿಂಗಡಿಸಿ ಕಲಿಸುವುದಕ್ಕೆ ಸಾಕಷ್ಟು ಆಧಾರ ಅವರಿಗೆ ಸಿಗಲಿಲ್ಲ. ಆ ಶ್ರಮವನ್ನು ತಪ್ಪು ಉತ್ತರಗಳಿಗೆ ಹಾಕಿ. ಎಐ ಕೂಡ ನಿಮಗೆ ಈಗ ಬೇಡ. ಮಗುವಿಗೆ ವಿಷಯ ಗೊತ್ತಿರುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುವ ಒಳ್ಳೆಯ ವಿಧಾನಗಳಿವೆ. ಊಹಿಸಿ ಸರಿ ಹೇಳಿದ್ದು, ಗೊತ್ತಿದ್ದೂ ಕೈತಪ್ಪಿದ್ದು ಎರಡನ್ನೂ ಅವು ಪರಿಗಣಿಸುತ್ತವೆ. ಆದರೆ ಅವಕ್ಕೆ ತುಂಬಾ ಮಕ್ಕಳ ಉತ್ತರಗಳು ಬೇಕು. ನಿಮ್ಮಲ್ಲಿರುವುದು ಒಂದು ಶಾಲೆಯ ಒಂದು ತರಗತಿ.

ಟೂಲ್ ಹೆಸರು ಹೇಳಲೇಬೇಕು ಎಂದರೆ, ಆನ್‌ಲೈನ್ ಕೋರ್ಸ್ ನಡೆಸುವ ಮೂಡಲ್ ಎಂಬ ತಂತ್ರಾಂಶದ ‘ಲೆಸನ್’ ಸಾಕು. ಉಚಿತ. ಪ್ರತಿ ಉತ್ತರಕ್ಕೂ ಅದು ಯಾವ ಪುಟಕ್ಕೆ ಜಿಗಿಯಬೇಕು ಎಂದು ನೀವೇ ಹೇಳಬಹುದು. ಅಂಕ ನೋಡಿ ಪಾಠ ತೆರೆಯುವ ವ್ಯವಸ್ಥೆಯೂ ಮೂಡಲ್‌ನಲ್ಲಿದೆ, ಅದನ್ನು ಮುಟ್ಟಬೇಡಿ. ನೀವಿರುವ ಹೊಸನಗರದ ಕಡೆ ಜೂನ್ ಬಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅಲ್ವಾ? ಮೊಬೈಲ್ ಆ್ಯಪ್‌ನಲ್ಲಿ ಆಫ್‌ಲೈನ್ ಮಾಡಲು ಬಿಡುವ ಆಯ್ಕೆ ‘ಲೆಸನ್’ ಸೆಟ್ಟಿಂಗ್‌ನಲ್ಲಿದೆ, ಅದನ್ನು ಆನ್ ಮಾಡಿ. ವಿಡಿಯೋ ಕಡಿಮೆ ಮಾಡಿ, ಚಿತ್ರ ಮತ್ತು ಬರಹ ಇಡಿ.

ಮೊದಲು ದಶಮಾಂಶ ಒಂದನ್ನೇ ಮಾಡಿ. ಒಂದೇ ತಪ್ಪನ್ನು ಮಗು ಮತ್ತೆ ಮಾಡಿದರೆ ಅದೇ ವಿವರಣೆಯ ಪುಟಕ್ಕೆ ಮತ್ತೆ ಕಳಿಸಬೇಡಿ. ಅಲ್ಲೊಂದು ಬೇರೆ ಪುಟ ಇಡಿ: “ಈ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಬಿಡಿಸಿ, ನಾಳೆ ಟೀಚರ್‌ಗೆ ತೋರಿಸು.”