2023ರ ಸೇನಾ ದಿನದ ಪರೇಡ್ ದೆಹಲಿ ಬಿಟ್ಟು ಬೆಂಗಳೂರಿನಲ್ಲಿ ನಡೆದಿದ್ದು ಯಾಕೆ?

ಇಂಥ ದೊಡ್ಡ ಕಾರ್ಯಕ್ರಮಗಳನ್ನು ದೆಹಲಿಯ ಆಚೆಗೂ ಕೊಂಡೊಯ್ದು ಜನರಿಗೆ ಹತ್ತಿರ ಮಾಡಬೇಕು ಅನ್ನುವುದು ಮುಖ್ಯ ಕಾರಣ. ಆದರೆ ಮೊದಲು ಬೆಂಗಳೂರೇ ಯಾಕೆ? ಅದಕ್ಕೆ ನಮ್ಮ ಕೊಡಗಿನ ಕಾರಿಯಪ್ಪನವರ ನಂಟಿದೆ.

1949ರ ಜನವರಿ 15ರಂದು ಬ್ರಿಟಿಷ್ ಅಧಿಕಾರಿ ಜನರಲ್ ಬುಚರ್ ಅವರಿಂದ ಕೆ.ಎಂ. ಕಾರಿಯಪ್ಪ ಸೇನೆಯ ಹೊಣೆ ವಹಿಸಿಕೊಂಡರು. ನಮ್ಮ ಸೇನೆಗೆ ನಮ್ಮವರೇ ಮುಖ್ಯಸ್ಥರಾದ ದಿನ ಅದು. ಅದಕ್ಕೇ ಪ್ರತಿವರ್ಷ ಅಂದು ಸೇನಾ ದಿನ. 75ನೇ ಸೇನಾ ದಿನದ ಪರೇಡ್ ಅವರ ತವರು ರಾಜ್ಯದಲ್ಲೇ ನಡೆದದ್ದು ತುಂಬಾ ಸರಿಯಾದ ಗೌರವ ಅಲ್ವಾ?

ಹಲಸೂರು ಕೆರೆ ಹತ್ತಿರದ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ) ಕೇಂದ್ರದ ಗೋವಿಂದಸ್ವಾಮಿ ಮೈದಾನದಲ್ಲಿ ಪರೇಡ್ ನಡೆಯಿತು. ಮದ್ರಾಸ್ ಸ್ಯಾಪರ್ಸ್ ಅಂತ ಕರೆಯುವ ಎಂಜಿನಿಯರ್ ಪಡೆಯ ಮನೆ ಅದು. ಯುದ್ಧದಲ್ಲಿ ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆದು ದಾರಿ ಮಾಡಿಕೊಡುವುದು ಇವರ ಕೆಲಸ. ಪರೇಡ್‌ನಲ್ಲಿ ಕುದುರೆ ಸವಾರರ ತುಕಡಿ, ಟ್ಯಾಂಕ್, ಪಿನಾಕ ರಾಕೆಟ್ ವಾಹನ ಎಲ್ಲ ಇದ್ದವು.

ಮುಂದೆ ಇದು ಲಕ್ನೋ, ಪುಣೆಗೂ ಹೋಯಿತು. ನಿಮಗೆ ಬೆಂಗಳೂರಿನಲ್ಲೇ ಪರೇಡ್ ನೋಡುವ ಆಸೆಯಿದ್ದರೆ ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ಬೇಗ ಕಬ್ಬನ್ ರಸ್ತೆಯ ಮಾಣೆಕ್ ಷಾ ಮೈದಾನಕ್ಕೆ ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.